ಶನಿವಾರದ ಸಂಬಳವೋ, ಮೂರು ವರ್ಷದ ಓದೋ?

(ಪ್ಲಸ್ ಟು ಮುಗಿಸಿದ ನಮ್ಮ ಮಕ್ಕಳ ಮುಂದೆ, ಪೊಳ್ಳಾಚಿ ಉಡುಮಲೈ ನಡುವಿನ ಊರೊಂದರಲ್ಲಿ ಆಡಿದ ಮಾತು. ಅವತ್ತು ಬರಲಾಗದವರಿಗಾಗಿ ಬರಹದಲ್ಲಿ ಹಾಕಿದ್ದೇವೆ.)

ಅಮ್ಮಂದಿರೇ, ಅಕ್ಕಂದಿರೇ, ಮುಂದಿನ ಸಾಲಲ್ಲಿ ಕೂತಿರುವ ತಮ್ಮ ತಂಗಿಯರೇ. ತಾಳವಾಡಿ ಕಡೆಯಿಂದ ದಿಂಬಂ ಘಾಟಿಯ 27 ತಿರುವು ಇಳಿದು ಬಂದವರೂ ಇದ್ದೀರಿ. ಹೊಟ್ಟೆ ತೊಳಸದೆ ಬಂದು ಸೇರಿದ್ದಕ್ಕೇ ನಿಮಗೊಂದು ಚಪ್ಪಾಳೆ.

ನಾವು ದೊಡ್ಡ ಭಾಷಣಗಾರರಲ್ಲ. ಬ್ಯಾಂಕಿನ ಕೌಂಟರ್ ಹಿಂದೆ ಕೂತು ಚಲನ್‌ಗೆ ಸೀಲು ಹೊಡೆಯೋ ಕೆಲಸ ನಮ್ಮದು. ಇಲ್ಲಿ "ನಾವು" ಅಂದಾಗೆಲ್ಲ ಒಬ್ಬರನ್ನೇ ಅಂದ್ಕೋಬೇಡಿ. ನಮ್ಮ ಬೀದಿಯಿಂದ ಕಾಮರ್ಸು, ಬಿಬಿಎ ಅಂತ ಓದಿ ಹೊರಬಂದವರು ಐದು ಜನ. ಒಬ್ಬರು ಬ್ಯಾಂಕು. ಒಬ್ಬ ತಿರುಪ್ಪೂರಿನ ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಮರ್ಚಂಡೈಸರು. ಒಬ್ಬ ಆಡಿಟರ್ ಆಫೀಸು. ಒಬ್ಬ ತಂಗಿ ಸ್ಪಿನ್ನಿಂಗ್ ಮಿಲ್ಲಿನ ಲೆಕ್ಕ ನೋಡ್ತಾಳೆ. ಇನ್ನೊಬ್ಬ ಎಲ್ಲಾ ಬಿಟ್ಟು ಕಿರಾಣಿ ಅಂಗಡಿ ಇಟ್ಟ, ನಮ್ಮೆಲ್ಲರಿಗಿಂತ ನೆಮ್ಮದಿಯಾಗಿದ್ದಾನೆ. ಈ ಐದೂ ಜನ ಸೇರಿ ಮಾತಾಡಿಕೊಂಡದ್ದನ್ನೇ ಇವತ್ತು ಹೇಳ್ತಿರೋದು.

ಹೋದ ವರ್ಷ ಇದೇ ಜಾಗದಲ್ಲಿ ಒಬ್ಬ ತಮ್ಮ ಎದ್ದು ನಿಂತು ಕೇಳಿದ: "ಅಣ್ಣಾ, ಬನಿಯನ್ ಕಂಪನಿಗೆ ಹೋದ್ರೆ ಶನಿವಾರ ಶನಿವಾರ ಕೈಗೆ ದುಡ್ಡು. ಬಿಬಿಎಗೆ ಹೋದ್ರೆ ಮೂರು ವರ್ಷ ಕೈ ಬರಿದು. ಮುಗಿಸಿದ ಮೇಲೆ ಸಿಗೋ ಸಂಬಳ ಟೈಲರ್‌ಗಿಂತ ಕಮ್ಮಿ. ಮತ್ಯಾಕೆ ಓದ್ಬೇಕು?"

ನಮ್ಮ ಹತ್ರ ಉತ್ತರ ಇರಲಿಲ್ಲ. "ಓದು ಅಂದ್ರೆ ಓದು ಕಣಪ್ಪಾ" ಅಂತ ಏನೋ ಹೇಳಿ ಕೂರಿಸಿಬಿಟ್ವಿ. ಮನೆಗೆ ಹೋದ ಮೇಲೆ ನಾಚಿಕೆ ಆಯ್ತು. ಹುಡುಗ ಲೆಕ್ಕ ಕೇಳಿದ್ದ, ಲೆಕ್ಕ ಓದಿದ ನಾವು ಬುದ್ಧಿವಾದ ಹೇಳಿದ್ವಿ. ಇವತ್ತಾದರೂ ಲೆಕ್ಕದಲ್ಲೇ ಉತ್ತರ ಕೊಡೋಣ ಅಂತ ಬಂದಿದ್ದೀವಿ.

ಮೊದಲು ನಮ್ಮ ಮನೆಗಳ ಲೆಕ್ಕ. ಬ್ಯಾಂಕಿಗೆ ಸಾಲ ಕೇಳೋಕೆ ನಮ್ಮವರೇ ಒಬ್ಬರು ಹಿರಿಯರು ಬಂದಿದ್ರು, ಮಗ್ಗದವರು. ಅರ್ಜಿಯಲ್ಲಿ "ಒಂದು ಸೀರೆಗೆ ಲಾಭ ಎಷ್ಟು" ಅಂತ ಬರೀಬೇಕಿತ್ತು. ಕೇಳಿದ್ವಿ. "ಸಾವಿರದ ನೂರು ಉಳಿಯುತ್ತಪ್ಪಾ" ಅಂದ್ರು. ಹೇಗೆ ಅಂತ ಕೇಳಿದ್ವಿ. ಸುಲಭಕ್ಕೆ ಅಂಕಿಗಳನ್ನ ದುಂಡು ಮಾಡಿ ಹೇಳ್ತೀವಿ ಕೇಳಿ. ಸೀರೆ ಕೊಟ್ಟದ್ದು 2,400 ರೂಪಾಯಿಗೆ. ನೂಲು, ಬಣ್ಣ, ಜರಿ ಎಲ್ಲಾ ಸೇರಿ 1,300. ಉಳಿದದ್ದು 1,100.

"ನೇಯೋಕೆ ಎಷ್ಟು ದಿನ ಬೇಕಾಯ್ತು ಮಾಮಾ?" "ಮೂರು ದಿನ." "ಅದೇ ಮೂರು ದಿನ ಹೊರಗೆ ಕೂಲಿಗೆ ಹೋಗಿದ್ರೆ?" "ದಿನಕ್ಕೆ ನಾನೂರು ಕೊಡ್ತಿದ್ರು." "ಕಂಡಿಕೆ ಸುತ್ತಿದ್ದು ಯಾರು?" "ನಿಮ್ಮ ಅತ್ತೆ." "ಅವರಿಗೆ ಎಷ್ಟು ಕೊಟ್ರಿ?" ಅವರು ನಕ್ಕುಬಿಟ್ರು. ಮನೆಯವಳಿಗೆ ಯಾರಾದ್ರೂ ಕೂಲಿ ಕೊಡ್ತಾರಾ ಅಂತ.

ಈಗ ಕೂಡಿಸಿ. ಅವರ ಮೂರು ದಿನಕ್ಕೆ 1,200. ಅತ್ತೆಯ ಕೆಲಸಕ್ಕೆ ಕಮ್ಮಿ ಅಂದ್ರೂ 300. ಮಗ್ಗದ ರಿಪೇರಿ, ಬಸ್ ಚಾರ್ಜು 50. ಒಟ್ಟು 1,550. ಕೈಗೆ ಬಂದದ್ದು 1,100. ಸಾವಿರದ ನೂರು ಲಾಭ ಅಂತ ಅವರು ಹೇಳಿದ ಸೀರೆಯಲ್ಲಿ 450 ರೂಪಾಯಿ ನಷ್ಟ ಕೂತಿತ್ತು. ಆ ನಷ್ಟವನ್ನ ಹೊತ್ತಿದ್ದು ಆ ಅತ್ತೆಯ ಬೆರಳುಗಳು ಮತ್ತು ಅವರ ಸೊಂಟ.

ತಮಾಷೆಗೆ ಹೇಳ್ತಿಲ್ಲ. ನೆಗಮಮ್ ಹತ್ತಿ ಸೀರೆಗೆ, ಕೋವೈ ಕೋರಾ ಕಾಟನ್‌ಗೆ ಭೌಗೋಳಿಕ ಗುರುತು ಸಿಕ್ಕಿದೆ. ನಮ್ಮ ದೇವಾಂಗದವರ ಕೈಗೆ ಅದರಲ್ಲಿ ದೊಡ್ಡ ಪಾಲಿದೆ. ಸಿರುಮುಗೈ ರೇಷ್ಮೆ ಹೆಸರು ಯಾರಿಗೆ ಗೊತ್ತಿಲ್ಲ? ಕೈಯಲ್ಲಿ ವಿದ್ಯೆ ಇತ್ತು, ಮಾಲಿಗೆ ಹೆಸರೂ ಇತ್ತು. ಮನೆಯಲ್ಲಿ ಹಾಸು ಹೊಕ್ಕಿನ ಲೆಕ್ಕ ಎಳೆ ತಪ್ಪದೆ ಗೊತ್ತಿತ್ತು. ದುಡ್ಡಿನ ಲೆಕ್ಕ ಮಾತ್ರ ವ್ಯಾಪಾರಿ ಹೇಳಿದ್ದೇ ಲೆಕ್ಕ.

ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಅಂದ್ರೆ ಟೈ ಕಟ್ಟಿಕೊಂಡು ಎಸಿ ರೂಮಲ್ಲಿ ಇಂಗ್ಲಿಷ್ ಮಾತಾಡೋದು ಅಂತ ನಮ್ಮ ಮಕ್ಕಳು ಹೆದರ್ತಾರೆ. ಅದರ ಒಳಗಿರೋದು ಇದೇ. ಆ ಹಿರಿಯರ ಹತ್ರ ನಾವು ಕೇಳಿದ ಪ್ರಶ್ನೆಗಳಿಗೆ ಪುಸ್ತಕದಲ್ಲಿ ಕಾಸ್ಟ್ ಅಕೌಂಟಿಂಗ್ ಅಂತ ಹೆಸರು. ಅಸಲು, ಬಡ್ಡಿ, ಬಂಡವಾಳ, ಲಾಭ, ನಷ್ಟ, ಬಾಕಿ. ಈ ಮಾತುಗಳೆಲ್ಲ ಅಜ್ಜಿ ಬಾಯಲ್ಲಿ ಕೇಳಿದವೇ ತಾನೆ?

ಇನ್ನೊಂದು ಪಾಠ ನೋಡಿ, ವರ್ಕಿಂಗ್ ಕ್ಯಾಪಿಟಲ್. ಅಂದ್ರೆ ಕೈಯಲ್ಲಿ ಓಡಾಡೋ ದುಡ್ಡು. ಅದೇ ಹಿರಿಯರು ತಿಂಗಳಿಗೆ 8 ಸೀರೆ ಕೊಡ್ತಾರೆ ಅಂತಿಟ್ಕೊಳ್ಳಿ. ವ್ಯಾಪಾರಿ ದುಡ್ಡು ಕೊಡೋದು ಮೂರು ತಿಂಗಳಾದ ಮೇಲೆ. ಅಲ್ಲಿವರೆಗೆ ನೂಲಿನ ದುಡ್ಡು ಸಿಕ್ಕಿಹಾಕಿಕೊಂಡಿರುತ್ತೆ: 1,300ನ್ನ 8ರಿಂದ, ಆಮೇಲೆ 3ರಿಂದ ಗುಣಿಸಿ. 31,200 ರೂಪಾಯಿ. ಇದನ್ನ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ತಂದಿದ್ರೆ ತಿಂಗಳಿಗೆ 936 ರೂಪಾಯಿ ಬಡ್ಡಿ. ಸೀರೆಗೆ 117. ಅದೇ ದುಡ್ಡು ಕೈಮಗ್ಗದವರ ಮುದ್ರಾ ಸಾಲದಲ್ಲಿ ವರ್ಷಕ್ಕೆ ನೂರಕ್ಕೆ 6ರಂತೆ ಸಿಕ್ಕಿದ್ರೆ ತಿಂಗಳಿಗೆ 156, ಸೀರೆಗೆ ಹತ್ತೊಂಬತ್ತೂವರೆ ರೂಪಾಯಿ. ಅದೇ ಮಗ್ಗ, ಅದೇ ಸೀರೆ. ಒಂದು ಅರ್ಜಿ ತುಂಬಿಸೋಕೆ ಗೊತ್ತಿದ್ದಕ್ಕೆ ಸೀರೆಗೆ ಸುಮಾರು ನೂರು ರೂಪಾಯಿ ವ್ಯತ್ಯಾಸ.

ಮೂರನೇ ಪಾಠ ಕಾನೂನು. 2006ರ ಎಂಎಸ್‌ಎಂಇ ಕಾಯಿದೆ ಪ್ರಕಾರ ಉದ್ಯಮ್ ನೋಂದಣಿ ಇರೋ ಚಿಕ್ಕ ತಯಾರಕರ ಬಿಲ್ಲನ್ನ ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು. ಬರಹದಲ್ಲಿ ಒಪ್ಪಂದ ಇಲ್ಲದಿದ್ರೆ 15 ದಿನ. ತಡ ಮಾಡಿದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರ ಬಜೆಟ್ ಇದಕ್ಕೆ ಇನ್ನೊಂದು ಗಂಟು ಹಾಕಿತು. ಹೊತ್ತಿಗೆ ಕೊಡದ ದುಡ್ಡನ್ನ ಕೊಡೋವರೆಗೂ ಖರ್ಚು ಅಂತ ತೋರಿಸಿ ತೆರಿಗೆ ಕಮ್ಮಿ ಮಾಡ್ಕೊಳ್ಳೋ ಹಾಗಿಲ್ಲ. ಉದ್ಯಮ್ ನೋಂದಣಿಗೆ ಒಂದು ಪೈಸೆ ಖರ್ಚಿಲ್ಲ. ನಮ್ಮ ಬೀದಿಯಲ್ಲಿ ಎಷ್ಟು ಮಗ್ಗದವರು ಅದನ್ನ ಮಾಡಿಸಿದ್ದಾರೆ? ಕೈ ಎತ್ತಿ ನೋಡೋಣ. ನೋಡಿದ್ರಾ, ಎರಡೇ ಕೈ.

ಕಾನೂನು ಇದ್ದ ಮಾತ್ರಕ್ಕೆ ವ್ಯಾಪಾರಿ ಓಡಿ ಬಂದು ದುಡ್ಡು ಕೊಡಲ್ಲ, ಅದು ನಮಗೂ ಗೊತ್ತು. ಜಗಳ ಮಾಡಿದ್ರೆ ಮುಂದಿನ ಆರ್ಡರ್ ಸಿಗಲ್ಲ ಅನ್ನೋ ಭಯ ಇದೆ. ಆದರೆ ಗೊತ್ತಿದ್ದು ಸುಮ್ಮನಿರೋದು ಬೇರೆ, ಗೊತ್ತಿಲ್ಲದೆ ಸುಮ್ಮನಿರೋದು ಬೇರೆ. 2022ರ ಶುರುವಿನಲ್ಲಿ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಪವರ್‌ಲೂಮ್‌ಗಳು ಕೂಲಿ ಏರಿಕೆಗಾಗಿ ವಾರಗಟ್ಟಲೆ ನಿಂತದ್ದು ನೆನಪಿದೆಯಲ್ಲ? ಅಂಥ ಮಾತುಕತೆಯ ಮೇಜಿನಲ್ಲಿ ಮೀಟರಿಗೆ ಇಷ್ಟು ಖರ್ಚಾಗುತ್ತೆ ಅಂತ ಕಾಗದ ಇಟ್ಟು ತೋರಿಸೋಕೆ ನಮ್ಮ ಕಡೆ ಒಬ್ಬರು ಬೇಕು.

ತಿರುಪ್ಪೂರನ್ನೇ ನೋಡಿ. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಮಾಲಿನ ಮೇಲೆ ನೂರಕ್ಕೆ 50 ಸುಂಕ ಹಾಕಿತು. ಅಲ್ಲೆಲ್ಲೋ ವಾಷಿಂಗ್ಟನ್‌ನಲ್ಲಿ ಹಾಕಿದ ಸಹಿಗೆ ಇಲ್ಲಿ ನಮ್ಮ ಅಕ್ಕಂದಿರ ಓವರ್‌ಟೈಮ್ ನಿಂತಿತು. ಯಾವ ಕಂಪನಿ ಅಮೆರಿಕ ಒಂದನ್ನೇ ನಂಬಿತ್ತೋ ಅದಕ್ಕೆ ಹೆಚ್ಚು ಪೆಟ್ಟು. ಯೂರೋಪಿಗೂ ಕಳಿಸ್ತಿದ್ದ ಕಂಪನಿ ಹೇಗೋ ತಡಕೊಂಡಿತು. ಒಬ್ಬನೇ ಗಿರಾಕಿಯನ್ನ ನಂಬಬಾರದು ಅನ್ನೋದು ಮಾರ್ಕೆಟಿಂಗ್ ಪುಸ್ತಕದ ಪಾಠ. ಮಿಷಿನ್ ಮುಂದೆ ಕೂತವರಿಗೆ ಆ ಸುದ್ದಿ ಶನಿವಾರ ಕವರ್ ತೆಳ್ಳಗಾದಾಗ ತಿಳಿಯುತ್ತೆ. ಆರ್ಡರ್ ಶೀಟ್ ನೋಡೋ ನಮ್ಮ ಮರ್ಚಂಡೈಸರ್ ತಮ್ಮನಿಗೆ ವಾರಗಳ ಮುಂಚೆಯೇ ತಿಳಿದಿತ್ತು.

ಸರಿ, ಎಲ್ಲಿ ಓದೋದು?

ಕೆಲವು ಮಕ್ಕಳು ಮೊಬೈಲಲ್ಲಿ ನೋಡಿ "ಕಮ್ಯುನಿಟಿ ಕಾಲೇಜು" ಅಂತ ಕೇಳ್ತಾರೆ. ಅಮೆರಿಕದಲ್ಲಿ ಅದು ಮನೆ ಹತ್ತಿರ, ಕಮ್ಮಿ ಫೀಸಲ್ಲಿ ಎರಡು ವರ್ಷ ಓದಿ, ಬೇಕಂದ್ರೆ ಆಮೇಲೆ ಯೂನಿವರ್ಸಿಟಿಗೆ ಸೇರೋ ಏರ್ಪಾಡು. ಅಲ್ಲಿ ಕೆಲಸ ಮಾಡ್ತಾ ಬಿಸಿನೆಸ್ ಓದೋರು ಬಹಳ ಜನ. ನಮ್ಮ ದೇಶದಲ್ಲಿ 1995ರಲ್ಲಿ ಪಾಂಡಿಚೇರಿ ಯೂನಿವರ್ಸಿಟಿ ಶುರು ಮಾಡಿತು, ಮರುವರ್ಷ ಮದ್ರಾಸಿನಲ್ಲಿ ಒಂದು ಬಂತು. 2013ರಲ್ಲಿ ಯುಜಿಸಿ ಇದಕ್ಕೇ ಒಂದು ಯೋಜನೆ ತಂತು. ನಮ್ಮಲ್ಲಿ ಆ ಹೆಸರಲ್ಲಿ ಸಿಗೋದು ಹೆಚ್ಚಾಗಿ ಸರ್ಟಿಫಿಕೇಟು, ಡಿಪ್ಲೊಮಾ. ಕೆಲಸ ಕಲಿಯೋಕೆ ಒಳ್ಳೇದೇ. ಆದರೆ ಅದೇ ಡಿಗ್ರಿ ಅಂದ್ಕೊಂಡು ಸೇರಬೇಡಿ. ಡಿಗ್ರಿ ಕೇಳೋ ಪರೀಕ್ಷೆಗೆ ಅದು ಸಾಲದು.

ನಮ್ಮಂಥವರಿಗೆ ಆ ಅಮೆರಿಕದ ಕಮ್ಯುನಿಟಿ ಕಾಲೇಜಿನ ಕೆಲಸ ಮಾಡ್ತಿರೋದು ನಮ್ಮ ಸರ್ಕಾರಿ ಕಲಾ ಕಾಲೇಜುಗಳು. 1852ರಲ್ಲಿ ಸಣ್ಣ ಶಾಲೆಯಾಗಿ ಶುರುವಾದ ಕೊಯಮತ್ತೂರು ಸರ್ಕಾರಿ ಕಲಾ ಕಾಲೇಜು. ತಿರುಪ್ಪೂರಿನ ಚಿಕ್ಕಣ್ಣ ಸರ್ಕಾರಿ ಕಲಾ ಕಾಲೇಜು. ಆ ಹೆಸರು ಕೇಳಿದ್ರೇ ನಮ್ಮ ಮನೆಯವರನ್ನ ಕರೆದ ಹಾಗಿದೆ, ಅಲ್ವಾ? ಅದೇ ಊರಲ್ಲಿ ಹೆಣ್ಣುಮಕ್ಕಳಿಗೆ ಎಲ್‌ಆರ್‌ಜಿ. ಇತ್ತ ಉಡುಮಲೈ ಸರ್ಕಾರಿ ಕಲಾ ಕಾಲೇಜು. ಇವೆಲ್ಲ 1982ರಲ್ಲಿ ಬಂದ ಭಾರತಿಯಾರ್ ವಿಶ್ವವಿದ್ಯಾಲಯದ ಕೆಳಗೆ ಬರ್ತವೆ. ಬಿ.ಕಾಂ., ಬಿಬಿಎ ಯಾವುದು ಯಾವ ಕಾಲೇಜಲ್ಲಿದೆ ಅಂತ ಪಟ್ಟಿ ನೋಡಿ. ಎಲ್ಲಾ ಸರ್ಕಾರಿ ಕಲಾ ಕಾಲೇಜುಗಳಿಗೂ ಆನ್‌ಲೈನಲ್ಲಿ ಒಂದೇ ಅರ್ಜಿ.

ಖರ್ಚು? ಸರ್ಕಾರಿ ಕಾಲೇಜಿನ ಪದವಿಗೆ ಬೋಧನಾ ಶುಲ್ಕ ಇಲ್ಲ. ಪರೀಕ್ಷೆ ಫೀಸು, ಇತರೆ ಸಣ್ಣ ಫೀಸು ಇರುತ್ತೆ. 6ರಿಂದ 12ರವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳಿಗೆ 2022ರಿಂದ ಪುದುಮೈ ಪೆಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ. ಗಂಡುಮಕ್ಕಳಿಗೆ ತಮಿಳ್ ಪುದಲ್ವನ್, ಅದೂ 1,000. ಅದನ್ನ 2024ರ ಆಗಸ್ಟ್‌ನಲ್ಲಿ ಶುರು ಮಾಡಿದ್ದೇ ಕೊಯಮತ್ತೂರಿನಲ್ಲಿ. ತಾಳವಾಡಿ ಮಕ್ಕಳೇ, ನಿಮ್ಮ ಸರ್ಕಾರಿ ಶಾಲೆಯಿಂದ ಓದಿದ ಸರ್ಟಿಫಿಕೇಟು ಈಗಲೇ ತೆಗೆದಿಟ್ಕೊಳ್ಳಿ.

ಕನ್ನಡ ಮಾಧ್ಯಮದವರು ಒಂದು ವಿಷಯ ಕೇಳ್ಕೊಂಡೇ ಸೇರಬೇಕು. ಪದವಿಯಲ್ಲಿ ಪಾರ್ಟ್ ಒನ್ ಅಂತ ಒಂದು ಭಾಷೆ ಇರುತ್ತೆ. ಆ ಕಾಲೇಜಲ್ಲಿ ಅದಕ್ಕೆ ಯಾವ ಯಾವ ಭಾಷೆ ಇದೆ ಅಂತ ಕೇಳಿ. ಶಾಲೆಯಲ್ಲಿ ತಮಿಳು ಓದದೆ, ಪಾರ್ಟ್ ಒನ್‌ಗೂ ಬೇರೆ ಭಾಷೆ ತಗೊಂಡವರಿಗೆ ಪಾರ್ಟ್ ಫೋರ್‌ನಲ್ಲಿ ಬೇಸಿಕ್ ತಮಿಳು ಅಂತ ಬರುತ್ತೆ. ಹೆದರಬೇಡಿ, ಆರನೇ ಕ್ಲಾಸಿನ ಮಟ್ಟದ್ದು. ಸಂತೆಯಲ್ಲಿ ತಮಿಳು ಮಾತಾಡೋ ನಿಮಗೆ ಅಕ್ಷರ ಕಲಿಯೋಕೆ ಎಷ್ಟು ದಿನ ಬೇಕು?

ಇಂಗ್ಲಿಷ್ ಭಯ ನಮಗೂ ಇತ್ತು. ಮೊದಲ ಸೆಮಿಸ್ಟರಲ್ಲಿ "ಡಿಪ್ರಿಸಿಯೇಷನ್" ಅನ್ನೋ ಪದ ಓದೋಕೇ ಬರಲಿಲ್ಲ. ನಮ್ಮ ಅಪ್ಪನ ಹತ್ರ ಕೇಳಿದ್ವಿ: "ಅಪ್ಪಾ, ಮಗ್ಗ ಎಷ್ಟು ವರ್ಷ ಬರುತ್ತೆ?" "ನೋಡ್ಕೊಂಡ್ರೆ ಇಪ್ಪತ್ತು ವರ್ಷ." "ಹಾಗಾದ್ರೆ ವರ್ಷಕ್ಕೆ ಇಪ್ಪತ್ತರಲ್ಲಿ ಒಂದು ಪಾಲು ಸವೀತದೆ." ಅಷ್ಟೇ, ಪದ ಬಂದುಬಿಡ್ತು. ಸವಕಳಿ! ಆಮೇಲೆ ಒಂದು ನೋಟ್‌ಬುಕ್ ಇಟ್ವಿ. ಎಡಗಡೆ ಇಂಗ್ಲಿಷ್ ಪದ, ನಡುವೆ ತಮಿಳು, ಬಲಗಡೆ ಮನೆಯ ಕನ್ನಡ. ಪರೀಕ್ಷೆಗೆ ಮೊದಲ ಕಾಲಂ, ತಿಳಿಯೋಕೆ ಮೂರನೇ ಕಾಲಂ.

ಪ್ರೈವೇಟ್ ಕಾಲೇಜಿಗೆ ಹೋಗೋರಿಗೆ ಎರಡು ಎಚ್ಚರಿಕೆ. 2024-25ರಿಂದ ಬಿಬಿಎ ಕೋರ್ಸು ಎಐಸಿಟಿಇ ಕೆಳಗೆ ಬಂದಿದೆ. ಅನುಮೋದನೆ ಇದೆಯಾ ಅಂತ ಕೇಳಿ. ಎರಡನೇದು, ಒರಿಜಿನಲ್ ಸರ್ಟಿಫಿಕೇಟ್ ಯಾರ ಕೈಗೂ ಬಿಟ್ಟು ಬರಬೇಡಿ. ನಮ್ಮ ಐವರಲ್ಲಿ ಒಬ್ಬ "ನೂರಕ್ಕೆ ನೂರು ಕೆಲಸ" ಅನ್ನೋ ಬೋರ್ಡ್ ನೋಡಿ ಒಂದು ಕಾಲೇಜಿಗೆ ಸೇರಿದ. ಎರಡನೇ ವರ್ಷ ಫೀಸು ಕಟ್ಟಲಾಗಲಿಲ್ಲ. ಬಿಡ್ತೀನಿ ಅಂದ್ರೆ ಮಾರ್ಕ್ಸ್ ಕಾರ್ಡ್ ಕೊಡಲಿಲ್ಲ. ಅಮ್ಮನ ಕಿವಿಯೋಲೆ ಅಡವಿಟ್ಟು ಬಿಡಿಸ್ಕೊಂಡು ಬಂದ. ಕಾಲೇಜುಗಳು ಒರಿಜಿನಲ್ ಇಟ್ಕೊಳ್ಳೋ ಹಾಗಿಲ್ಲ ಅಂತ ಯುಜಿಸಿ 2018ರಲ್ಲೇ ಹೇಳಿದೆ. ಅದು ಆವತ್ತು ಗೊತ್ತಿರಲಿಲ್ಲ. ಸಾಲ ಮಾಡಿ ಓದಬೇಕಂದ್ರೆ ಮೀಟರ್ ಬಡ್ಡಿಗೆ ಹೋಗಬೇಡಿ. ಬ್ಯಾಂಕಿನ ಶಿಕ್ಷಣ ಸಾಲಕ್ಕೆ 4 ಲಕ್ಷದವರೆಗೆ ಮನೆ ಪತ್ರ ಕೇಳಲ್ಲ, ನಿಮ್ಮ ಕಡೆಯಿಂದ ಮುಂಗಡವೂ ಹಾಕಬೇಕಿಲ್ಲ.

ಈಗ ಆ ತಮ್ಮನ ಪ್ರಶ್ನೆಗೆ ಬರೋಣ.

ತಿಂಗಳಿಗೆ ಹತ್ತು ಸಾವಿರ ಅಂತ ಲೆಕ್ಕ ಹಿಡಿದ್ರೂ 36 ತಿಂಗಳಿಗೆ 3 ಲಕ್ಷ 60 ಸಾವಿರ. ಮೂರು ವರ್ಷ ಓದಿದ್ರೆ ಅಷ್ಟು ಬರೋದು ನಿಲ್ಲುತ್ತೆ. ಅದು ನಿಜವಾದ ಖರ್ಚು. ಸರ್ಕಾರಿ ಕಾಲೇಜು ಓಸಿ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಬಡವರ ಮನೆಗೆ ಯಾವ ಓದೂ ಓಸಿ ಅಲ್ಲ. ಹುಡುಗ ಹೇಳಿದ ಎರಡನೇ ಮಾತೂ ನಿಜ. ಬಿಬಿಎ ಮುಗಿಸಿ ಮೊದಲ ವರ್ಷ ಸಿಗೋ ಸಂಬಳ, ಒಂದೂವರೆ ಶಿಫ್ಟ್ ಹೊಡೆಯೋ ಒಳ್ಳೆ ಟೈಲರ್‌ಗಿಂತ ಕಮ್ಮಿ ಇರಬಹುದು. ನಮ್ಮ ಮರ್ಚಂಡೈಸರ್ ತಮ್ಮ ಮೊದಲ ವರ್ಷ ಟೈಲರ್ ಅಣ್ಣಂದಿರ ಹತ್ರ ಕೈಸಾಲ ತಗೊಂಡೇ ಬದುಕಿದ.

ವ್ಯತ್ಯಾಸ ಆಮೇಲೆ ಬರುತ್ತೆ. ಟೈಲರ್ ಸಂಪಾದನೆ ಕಣ್ಣು, ಸೊಂಟ, ಬೆರಳು ಇರೋವರೆಗೆ. ನಲವತ್ತೈದಕ್ಕೆ ಪೀಸ್ ಕಮ್ಮಿಯಾಗುತ್ತೆ, ದುಡ್ಡೂ ಕಮ್ಮಿಯಾಗುತ್ತೆ. ಲೆಕ್ಕ ಕಲಿತವರ ಕೆಲಸ ವಯಸ್ಸಾದಂತೆ ಬೆಳೆಯೋಕೆ ದಾರಿ ಇದೆ. ಗ್ಯಾರಂಟಿ ಅಂತ ಹೇಳ್ತಿಲ್ಲ, ದಾರಿ ಇದೆ ಅಂತ ಹೇಳ್ತಿದ್ದೀವಿ. ಟೈಲರ್ ಕೆಲಸ ಕೀಳು ಅಂತಲೂ ಅಲ್ಲ. ಟೈಲರ್ ಆಗಿದ್ದು ಲೆಕ್ಕ ಕಲಿತವನು ನಾಲ್ಕು ಪವರ್‌ಟೇಬಲ್ ಹಾಕಿ ಸ್ವಂತ ಯೂನಿಟ್ ಇಡಬಹುದು. ಲೆಕ್ಕ ಬರದೆ ಯೂನಿಟ್ ಇಟ್ಟು, ಕೂಲಿ ಕೊಟ್ಟು, ಬಿಲ್ ದುಡ್ಡು ಬರದೆ ಮಿಷಿನ್ ಮಾರಿದವರನ್ನ ಕೌಂಟರಿನಲ್ಲಿ ಎಷ್ಟೋ ಜನ ನೋಡಿದ್ದೀವಿ.

ಹಾಗಾದ್ರೆ ಎಲ್ಲರೂ ಓದಿ ಅಂತೀವಾ? ಇಲ್ಲ. ಮನೆಯಲ್ಲಿ ಮೀಟರ್ ಬಡ್ಡಿ ಓಡ್ತಿದ್ರೆ, ಅಪ್ಪನಿಗೆ ಹುಷಾರಿಲ್ಲದಿದ್ರೆ, ಕೆಲಸಕ್ಕೆ ಹೋಗಿ. ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ಪುಸ್ತಕ ಮುಚ್ಚಬೇಡಿ. ಕೆಲವು ಸರ್ಕಾರಿ ಕಾಲೇಜುಗಳಲ್ಲಿ ಎರಡು ಪಾಳಿ ಇದೆ, ಅರ್ಧ ದಿನ ಕೈಗೆ ಉಳಿಯುತ್ತೆ. ಇಗ್ನೋ ಇದೆ, ತಮಿಳುನಾಡು ಓಪನ್ ಯೂನಿವರ್ಸಿಟಿ ಇದೆ. ಭಾನುವಾರ ಓದಿ ಡಿಗ್ರಿ ತಗೊಂಡವರು ನಮ್ಮ ಬ್ಯಾಂಕಲ್ಲೇ ಇದ್ದಾರೆ. ಹೋಗೋದಾದ್ರೂ ಬಿಡೋದಾದ್ರೂ ಲೆಕ್ಕ ಹಾಕಿ ತೀರ್ಮಾನ ಮಾಡಿ. ಪಕ್ಕದ ಮನೆ ಹುಡುಗ ಬೈಕ್ ತಗೊಂಡ ಅಂತ ಮಾಡಬೇಡಿ.

ಕೊನೆಗೆ ನಮ್ಮ ಭಾಷೆ ವಿಷಯ. ಈ ಎರಡು ಜಿಲ್ಲೆಯಲ್ಲಿ ದೇವಾಂಗರೋ, ಒಕ್ಕಲಿಗರೋ, ಅನುಪ್ಪರೋ, ಮನೆಮಾತು ಕನ್ನಡ, ಬರಹ ಎಲ್ಲ ತಮಿಳು. ಕೌಂಟರಿಗೆ ಬರೋ ಅಜ್ಜಿಯಂದಿರು ಫಾರಂ ಹಿಡ್ಕೊಂಡು ತಮಿಳಲ್ಲಿ ತಡವರಿಸ್ತಾರೆ. "ಹೇಳಿ ಅಜ್ಜಿ, ಎಷ್ಟು ತೆಗೀಬೇಕು?" ಅಂತ ನಾವು ಕನ್ನಡದಲ್ಲಿ ಕೇಳಿದ ಕೂಡಲೇ ಮುಖ ಬೆಳಗುತ್ತೆ. ಆಮೇಲೆ ಮಗ ಸಾಲ ಮಾಡಿದ್ದು, ಸೊಸೆ ಚೀಟಿ ಹಾಕಿದ್ದು ಎಲ್ಲಾ ಹೊರಗೆ ಬರುತ್ತೆ. ದುಡ್ಡಿನ ಕಷ್ಟವನ್ನ ಜನ ಮನೆಮಾತಲ್ಲೇ ಹೇಳ್ಕೊಳ್ಳೋದು. ಅದನ್ನ ಕೇಳಿಸ್ಕೊಳ್ಳೋಕೆ ನಮ್ಮವರು ಕೌಂಟರಿನ ಈಚೆ ಬದಿ ಇರಬೇಕು.

ಕನ್ನಡ ಮಾತಾಡೋಕೆ ಬರೋರು ಓದಿ ಬರೆಯೋದನ್ನೂ ಕಲಿಯಿರಿ. ಬ್ಯಾಂಕ್ ಕ್ಲರ್ಕ್ ಕೆಲಸಕ್ಕೆ ಯಾವ ರಾಜ್ಯಕ್ಕೆ ಅರ್ಜಿ ಹಾಕ್ತೀರೋ ಆ ರಾಜ್ಯದ ಭಾಷೆ ಓದೋಕೆ, ಬರೆಯೋಕೆ, ಮಾತಾಡೋಕೆ ಬರಬೇಕು. ತಮಿಳು ಇದ್ದೇ ಇದೆ. ಕನ್ನಡ ಅಕ್ಷರ ಸೇರಿದ್ರೆ ಘಾಟಿಯ ಆಚೆಯ ಬಾಗಿಲೂ ತೆರೆಯುತ್ತೆ. ತಾಳವಾಡಿ ಮಕ್ಕಳಿಗೆ ಕನ್ನಡ ಅಕ್ಷರ ಗೊತ್ತು, ಇಲ್ಲಿಯ ಮಕ್ಕಳಿಗೆ ತಮಿಳು ಅಕ್ಷರ ಗೊತ್ತು. ಒಬ್ಬರಿಗೊಬ್ಬರು ಕಲಿಸ್ಕೊಳ್ಳಿ, ಅದಕ್ಕೆ ಯಾವ ಸಂಘವೂ ಬೇಕಿಲ್ಲ.

ಆ ಹೋದ ವರ್ಷದ ತಮ್ಮ ಏನಾದ ಅಂತ ಕೇಳ್ತೀರಿ. ಇಲ್ಲೇ ಹಿಂದೆ ನಿಂತಿದ್ದಾನೆ, ಹೆಸರು ಹೇಳಬೇಡಿ ಅಂದಿದ್ದಾನೆ. ಬೆಳಿಗ್ಗೆ ಚೆಕಿಂಗ್ ಸೆಕ್ಷನ್ನು, ಮಧ್ಯಾಹ್ನದ ಪಾಳಿ ಕಾಲೇಜು. ದಣಿದು ಹೋಗ್ತಾನೆ, ಎರಡು ಪೇಪರ್ ಬಾಕಿ ಇಟ್ಟಿದ್ದಾನೆ. ಆದರೆ ಅವರಮ್ಮನ ಮಗ್ಗಕ್ಕೆ ಒಂದು ಲೆಕ್ಕದ ಪುಸ್ತಕ ಶುರು ಮಾಡಿದ್ದಾನೆ. ಅದರಲ್ಲಿ "ಅಮ್ಮನ ಕೂಲಿ" ಅಂತ ಒಂದು ಸಾಲು ಇದೆ. ಅವರಮ್ಮ ಮೊದಲು ನಕ್ಕರಂತೆ. ಹೋದ ತಿಂಗಳು ವ್ಯಾಪಾರಿ ಹತ್ರ ಆ ಪುಸ್ತಕ ತೋರಿಸಿ ಸೀರೆಗೆ ಐವತ್ತು ರೂಪಾಯಿ ಹೆಚ್ಚು ಕೇಳಿದ್ರಂತೆ. ಮೂವತ್ತು ಸಿಕ್ಕಿದೆ.

ಇಷ್ಟೇ ನಮ್ಮ ಮಾತು. ಬರೋ ಭಾನುವಾರ ಬೆಳಿಗ್ಗೆಯಿಂದ ಐವರೂ ಇಲ್ಲೇ ಇರ್ತೀವಿ. ಮಾರ್ಕ್ಸ್ ಕಾರ್ಡು, ಆಧಾರು, ಜಾತಿ ಸರ್ಟಿಫಿಕೇಟು, ಟಿ.ಸಿ. ತನ್ನಿ, ಅರ್ಜಿ ಜೊತೆ ಕೂತು ತುಂಬೋಣ. ಮಗ್ಗದವರು ಆಧಾರ್, ಪ್ಯಾನ್ ಕಾರ್ಡ್ ತಂದ್ರೆ ಉದ್ಯಮ್ ನೋಂದಣಿಯೂ ಆಗಿಬಿಡುತ್ತೆ. ಬರುವಾಗ ಒಂದು ಹಾಳೆಯಲ್ಲಿ ಮನೆಯ ಒಂದು ತಿಂಗಳ ಲೆಕ್ಕ ಬರ್ಕೊಂಡು ಬನ್ನಿ. ಅಮ್ಮನ ಕೂಲಿಗೆ ಒಂದು ಸಾಲು ಬಿಟ್ಟಿರಿ.